ಮೊಳೆ ಸಂದಿಗೆ ಹೊಡಿ

ನೀನು ವಾಟ್ಸಾಪಿನಲ್ಲಿ ಕಳಿಸಿದ ಡ್ರಾಯಿಂಗನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಸಮಾಧಾನವಾಗಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ಮನೆಯ ಹಳೇ ಸೇರು, ಅಚ್ಚೇರು, ಪಾವು, ಚಟಾಕು ಇಟ್ಟು, ಕಿಟಕಿಯ ಬೆಳಕಿಗೆ ಕೂತೆ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವಳು ನಾನು. ಹೆಂಗಸಾದರೂ ಹುದ್ದೆಯ ಹೆಸರಲ್ಲಿ 'ಮನ್' ಇದ್ದೇ ಇತ್ತು, ಯಾರೂ ತೆಗೆಯಲಿಲ್ಲ. ಹಾಳೆ ಕೈಗೆ ಸಿಗದೆ ನಕ್ಷೆ ನನ್ನ ತಲೆಗೆ ಹೋಗೋದಿಲ್ಲ.

ಗೆರೆ ಚೆನ್ನಾಗಿದೆ ಕಣೋ, ಸುಳ್ಳು ಹೇಳೋದಿಲ್ಲ. ನಲವತ್ತು ವರ್ಷದ ಸುರಂಗ ನಿಲ್ದಾಣವನ್ನು ಹೊಸದು ಮಾಡುವ ಕೆಲಸ ಮೊದಲ ನೌಕರಿಯಲ್ಲೇ ನಿನ್ನ ಪಾಲಿಗೆ ಬಂದದ್ದು ನನಗೂ ಹೆಮ್ಮೆ. ಆದರೆ ಮೂರನೇ ಹಾಳೆಗೆ ಬಂದಾಗ ಕೈ ನಿಂತಿತು. ಪ್ಲಾಟ್‌ಫಾರಂನ ಹಳೇ ಟೈಲ್ಸ್ ಗೋಡೆಯ ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಪ್ಯಾನೆಲ್ ಹೊದಿಸಿದ್ದೀಯ. ರಸ್ತೆ ಮೇಲಿನ ಪ್ರವೇಶದ್ವಾರಕ್ಕೆ ಮಾತ್ರ ಅರಮನೆಯ ಕಮಾನಿನಂಥದ್ದೊಂದನ್ನು ಅಂಟಿಸಿ, ಪಕ್ಕದಲ್ಲಿ 'ಹೆರಿಟೇಜ್ ಥೀಮ್' ಅಂತ ಬಾಣದ ಗುರುತು ಹಾಕಿದ್ದೀಯ. ಅಂದರೆ ಇರುವ ಹಳೆಯದನ್ನು ಮುಚ್ಚಿ, ಇಲ್ಲದ ಹಳೆಯದನ್ನು ತಂದು ನಿಲ್ಲಿಸಿದ್ದೀಯ. ದೊಡ್ಡಮ್ಮ ಬೈತಾಳೆ ಅಂದುಕೋಬೇಡ. ಈ ತಪ್ಪನ್ನು ನಾನು ನಿನಗಿಂತ ಮುಂಚೆ ಮಾಡಿದವಳು, ಆದ್ದರಿಂದ ಹೇಳುವ ಹಕ್ಕು ಇದೆ.

ಎಂಬತ್ತರ ದಶಕದ ಮಾತು. ಊರಾಚೆಯ ಹಳೇ ಬಂಗಲೆಯೊಂದನ್ನು ಕಚೇರಿ ಮಾಡುವ ಕೆಲಸ ನಮ್ಮ ಕೈಗೆ ಬಂತು. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ಗಾರೆ ಅಲ್ಲಲ್ಲಿ ಉದುರುತ್ತಿತ್ತು. 'ಪೂರ್ತಿ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡುವುದು' ಎಂದು ನಕ್ಷೆಯ ಅಂಚಿನಲ್ಲಿ ಬರೆದವಳು ನಾನೇ. ಹೇಳಿದವರು ಮೇಲಿನವರು, ಅಕ್ಷರ ಮಾತ್ರ ನನ್ನದು. ಅಲ್ಲಿ ಎಪ್ಪತ್ತು ದಾಟಿದ ಗಾರೆ ಮೇಸ್ತ್ರಿಯೊಬ್ಬರಿದ್ದರು. ಬೀಡಿ ಆರಿಸಿ ಒಂದೇ ಮಾತು ಹೇಳಿದರು: "ಗೋಡೆಗೆ ರೈನ್‌ಕೋಟ್ ಹಾಕ್ತಾ ಇದೀರಿ ಅಮ್ಮಾವ್ರೇ, ಒಳಗಿನ ಬೆವರು ಎಲ್ಲಿಗೆ ಹೋಗ್ಬೇಕು?" ನಾವು ನಕ್ಕುಬಿಟ್ಟೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು, ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬಂದು, ಸಿಮೆಂಟು ಚಕ್ಕೆ ಚಕ್ಕೆಯಾಗಿ ಬಿತ್ತು. ಬೀಳುವಾಗ ಒಂಟಿಯಾಗಿ ಬೀಳಲಿಲ್ಲ, ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಿತ್ತು. ನೆಲದ ತೇವ ಇಟ್ಟಿಗೆಯಲ್ಲಿ ಏರಿ ಸುಣ್ಣದ ಗಾರೆಯ ಮೂಲಕ ಆರಿ ಹೋಗುತ್ತಿತ್ತು. ಆ ದಾರಿಯನ್ನು ನಾವು ಮುಚ್ಚಿದ್ದೆವು. ಗಾರೆ ಉದುರುತ್ತಿದ್ದದ್ದು ರೋಗವಲ್ಲ, ಗೋಡೆಗಾಗಿ ತಾನು ಸವೆಯುವುದೇ ಅದರ ಕೆಲಸ. ಇಷ್ಟು ವರ್ಷಕ್ಕೊಮ್ಮೆ ಹೊಸ ಗಾರೆ ಹಾಕಿದ್ದರೆ ಮುಗಿಯುತ್ತಿತ್ತು.

ನಿನ್ನ ನಿಲ್ದಾಣ ಕಾಂಕ್ರೀಟಿನದು, ಸುಣ್ಣದ್ದಲ್ಲ, ಗೊತ್ತು. ನೀರಿನ ಸ್ವಭಾವ ಎಲ್ಲಿದ್ದರೂ ಒಂದೇ. ನೆಲದಡಿಯ ಆ ಪೆಟ್ಟಿಗೆಯನ್ನು ಸುತ್ತಲಿನ ಅಂತರ್ಜಲ ಹಗಲೂ ರಾತ್ರಿ ಒತ್ತುತ್ತಲೇ ಇರುತ್ತೆ. ಕಾಂಕ್ರೀಟು ಸೇರಿದ ಜಾಗದಲ್ಲಿ, ಕೂದಲೆಳೆಯ ಬಿರುಕಿನಲ್ಲಿ ಒಸರುತ್ತೆ. ಮೇಲೆ ಪ್ಯಾನೆಲ್ ಹೊದಿಸಿದರೆ ಒಸರುವುದು ನಿಲ್ಲೋದಿಲ್ಲ, ಕಾಣೋದು ನಿಲ್ಲುತ್ತೆ. ಐದು ವರ್ಷದ ಮೇಲೆ ಒಳಗಿನ ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಸಿಡಿದಾಗಲೇ ಗೊತ್ತಾಗೋದು. ಪ್ಯಾನೆಲ್ ಬೇಕೇ ಬೇಕು ಅಂದರೆ ಹಾಕು, ಬೇಡ ಅನ್ನೋದಿಲ್ಲ. ಗೋಡೆಗೂ ಅದಕ್ಕೂ ನಡುವೆ ಅಂತರ ಬಿಡು, ಕೆಳಗೆ ನೀರು ಹೋಗುವ ಕಾಲುವೆ ಬಿಡು, ಒಬ್ಬ ಕೆಲಸದವನು ಸ್ಕ್ರೂ ಬಿಚ್ಚಿ ತಲೆ ಹಾಕಿ ನೋಡುವ ಹಾಗೆ ಮಾಡು. ಫಾಲ್ಸ್ ಸೀಲಿಂಗಿಗೂ ಇದೇ ಮಾತು. ಮತ್ತೆ ಮೊಳೆ, ಸ್ಕ್ರೂ, ಬ್ರಾಕೆಟ್ಟು ಯಾವುದನ್ನೂ ಟೈಲ್ಸ್‌ನ ನಡುವಿಗೆ ಹೊಡಿಸಬೇಡ, ಎರಡು ಟೈಲ್ಸ್ ಸೇರುವ ಸಂದಿಗೆ ಹೊಡಿಸು. ನಾಳೆ ಕಿತ್ತರೆ ಸಂದಿಯ ತೂತು ಒಂದು ಚಿಟಿಕೆ ಗಾರೆಯಲ್ಲಿ ಮುಚ್ಚುತ್ತೆ. ಒಡೆದ ಹಳೇ ಟೈಲ್ಸ್ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಕಲ್ಲಿನ ಗೋಡೆಗೂ ಇದೇ ನಿಯಮ, ನಮ್ಮ ಸೈಜುಗಲ್ಲಿನ ಮನೆಗಳಲ್ಲಿ ಕೇಬಲ್‌ನವರು ಕಲ್ಲಿಗೇ ಡ್ರಿಲ್ ಹಾಕೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ನಿನ್ನದರ ಹಾಗೆ ನಮ್ಮ ಬೆಂಗಳೂರಿಗೆ ಹಳೇ ಸುರಂಗ ನಿಲ್ದಾಣ ಅಂತ ಇಲ್ಲ. ಭಾರತದಲ್ಲೇ ಮೊದಲ ಸುರಂಗ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು, ಕೋಲ್ಕತ್ತಾದಲ್ಲಿ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ಸ್ಟೇಷನ್‌ವರೆಗಿನ ಸುರಂಗ ತೆರೆದದ್ದು 2016ರ ಏಪ್ರಿಲ್ ಕೊನೆಗೆ, ನಮ್ಮ ಜಯನಗರದ ರೈಲು ಬಂದದ್ದು 2017ರ ಜೂನ್‌ನಲ್ಲಿ. ಹಾಗಂತ ಇಲ್ಲಿ ಕಲಿಯೋದಕ್ಕೆ ಏನೂ ಇಲ್ಲ ಅಂದುಕೋಬೇಡ. ಜಯನಗರದಲ್ಲಿ ಹತ್ತಿ ಬಲಗಡೆ ಕಿಟಕಿಯ ಹತ್ತಿರ ನಿಲ್ಲು. ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಆಗಿ ನ್ಯಾಷನಲ್ ಕಾಲೇಜ್ ದಾಟಿದ ಮೇಲೆ ರೈಲು ಮರದ ತುದಿಯ ಎತ್ತರದಿಂದ ಇಳಿದು ನೆಲದೊಳಗೆ ಹೋಗುತ್ತೆ. ಬಸವನಗುಡಿಯವರೆಗೆ ರಸ್ತೆ ಅಗಲ, ಕಂಬ ನಿಲ್ಲಿಸಬಹುದಿತ್ತು. ಅಲ್ಲಿಂದಾಚೆ ಕೋಟೆ, ಮಾರ್ಕೆಟ್ಟು, ಚಿಕ್ಕಪೇಟೆ. ಎರಡು ಗಾಡಿ ಎದುರಾದರೆ ನಿಲ್ಲುವ ಪೇಟೆ ಬೀದಿಯಲ್ಲಿ ಕಂಬಕ್ಕೆ ಜಾಗ ಎಲ್ಲಿಂದ ಬರಬೇಕು? ಕೆಂಪೇಗೌಡರ ಕಾಲದ ಬೀದಿ ತಾನು ಅಗಲವಾಗಲಿಲ್ಲ, ರೈಲನ್ನೇ ಕೆಳಗೆ ಕಳಿಸಿತು. ಕೆಳಗೆ ಹೋದರೆ ಅಲ್ಲಿ ಅದಕ್ಕಿಂತ ಹಳೆಯದು ಕಾದಿತ್ತು. ಲಾಲ್‌ಬಾಗಿನ ಗುಡ್ಡದಲ್ಲಿ ಮೇಲೆದ್ದು ಕಾಣುವ ಆ ಬಂಡೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಅಂಥದೇ ಕಲ್ಲು ಊರಿನಡಿ ಹಾಸಿಕೊಂಡಿದೆ. ಒಂದು ಕಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಪುಡಿ ಮಣ್ಣು. ಸುರಂಗ ಕೊರೆಯುವ ಯಂತ್ರಗಳು ಇಲ್ಲಿ ತೆವಳಿದ್ದಕ್ಕೆ ಇದೂ ಒಂದು ಕಾರಣ.

2012ರಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಮೆಟ್ರೊಗೆ ಅಗೆಯುವಾಗ ಟಿಪ್ಪು ಕಾಲದ್ದು ಎನ್ನಲಾದ ಫಿರಂಗಿಗಳು ಸಿಕ್ಕವು. ಆವತ್ತು ಪೇಪರಿನಲ್ಲಿ ಫೋಟೊ ನೋಡಿ ನನಗೆ ಅನ್ನಿಸಿದ್ದು, ಇದನ್ನು ಇಲ್ಲೇ ಪ್ಲಾಟ್‌ಫಾರಂಗೆ ಇಳಿಯುವ ದಾರಿಯಲ್ಲಿ ಇಟ್ಟಿದ್ದರೆ ಎಷ್ಟು ಚೆನ್ನ ಅಂತ. ಮೆಕ್ಸಿಕೊ ನಗರದಲ್ಲಿ ಹಾಗೇ ಮಾಡಿದ್ದಾರೆ. 1967ರಲ್ಲಿ ಮೆಟ್ರೊಗೆ ಅಗೆಯುವಾಗ ಅಜ್ಟೆಕರ ಗಾಳಿದೇವರ ದುಂಡನೆಯ ಗುಡಿಯೊಂದು ಸಿಕ್ಕಿತು. ಅದನ್ನು ಮ್ಯೂಸಿಯಮ್ಮಿಗೆ ಹೊತ್ತುಕೊಂಡು ಹೋಗದೆ ನಿಲ್ದಾಣವನ್ನೇ ಅದರ ಸುತ್ತ ಕಟ್ಟಿದರು. ಪಿನೊ ಸುವಾರೆಸ್ ಅಂತ ಆ ನಿಲ್ದಾಣದ ಹೆಸರು. ರೈಲು ಬದಲಿಸುವ ಜನ ದಿನಾ ಅದನ್ನು ಬಳಸಿಕೊಂಡು ಓಡಾಡುತ್ತಾರೆ. ಟಿಕೆಟ್ಟು ಕೊಂಡು ನೋಡುವ ಹಳೆಯದಕ್ಕಿಂತ ಆಫೀಸಿಗೆ ಹೋಗುವಾಗ ಕಣ್ಣಿಗೆ ಬೀಳುವ ಹಳೆಯದಕ್ಕೆ ಆಯಸ್ಸು ಜಾಸ್ತಿ. ಬೀಗ ಹಾಕಿದ ಮನೆ ಹೇಗೆ ಬೇಗ ಹಾಳಾಗುತ್ತೋ ಹಾಗೆ, ಕೆಲಸವಿಲ್ಲದ ಕಟ್ಟಡವೂ ಹಾಳಾಗುತ್ತೆ. ನಿನ್ನ ನಕ್ಷೆಯಲ್ಲಿ ಹಳೇ ಟಿಕೆಟ್ ಕೌಂಟರಿಗೆ ಗಾಜು ಹಾಕಿ ಒಳಗೆ ಬೊಂಬೆ ನಿಲ್ಲಿಸಿದ್ದೀಯಲ್ಲ, ಅಲ್ಲಿ ಒಬ್ಬ ಮನುಷ್ಯನನ್ನು ಕೂರಿಸು. ಮಾಹಿತಿ ಕೌಂಟರ್ ಮಾಡು, ಹೂವಿನಂಗಡಿ ಮಾಡು. ಕಟ್ಟೆಗೆ ಮೊಣಕೈ ಊರುವವರು ಯಾರಾದರೂ ಇರಲಿ.

ಹಳೆಯದು ಅಂತ ಎಲ್ಲವನ್ನೂ ತಬ್ಬಿಕೋ ಅಂತ ನಾನು ಹೇಳುತ್ತಿಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಲಂಡನ್ನಿನ ಸುರಂಗ ನಿಲ್ದಾಣಗಳಲ್ಲಿ ಮರದ ಎಸ್ಕಲೇಟರ್ ಇದ್ದವು. ನೋಡೋದಕ್ಕೆ ಬಲು ಚಂದ. 1987ರ ನವೆಂಬರ್ 18ರ ಸಂಜೆ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಅಂಥದೊಂದರ ಅಡಿಗೆ ಯಾರದೋ ಬೆಂಕಿಕಡ್ಡಿ ಬಿದ್ದಿರಬೇಕು. ವರ್ಷಗಟ್ಟಲೆ ಕೂತ ಗ್ರೀಸು, ಕಸ ಹೊತ್ತಿ 31 ಜನ ಸತ್ತರು. ಅಲ್ಲಿಂದ ಮರದವನ್ನು ತೆಗೆಯುತ್ತಾ ಬಂದರು. ತೆಗೆಯಲೇಬೇಕಿತ್ತು. ಬೆಂಕಿ, ಹೊಗೆ, ಹೊರಗೆ ಓಡುವ ದಾರಿ, ಇವುಗಳ ವಿಷಯದಲ್ಲಿ ಪರಂಪರೆಯ ಹೆಸರಲ್ಲಿ ಯಾರು ಚೌಕಾಸಿಗೆ ಬಂದರೂ ನೀನು ಒಪ್ಪಬೇಡ. ಆದರೆ ಸಿಡ್ನಿಯವರು ಏನು ಮಾಡಿದರು ನೋಡು. ವಿನ್ಯಾರ್ಡ್ ನಿಲ್ದಾಣದಲ್ಲಿ 1930ರ ದಶಕದ ಮರದ ಎಸ್ಕಲೇಟರ್ ಇದ್ದವು. ಅವನ್ನು ತೆಗೆದು ಹೊಸ ಲೋಹದ್ದು ಹಾಕಿದರು. ತೆಗೆದ ಮೆಟ್ಟಿಲುಗಳನ್ನು ಎಸೆಯದೆ ಕ್ರಿಸ್ ಫಾಕ್ಸ್ ಎಂಬ ಕಲಾವಿದನ ಕೈಗೆ ಕೊಟ್ಟರು. ಅವನು ಅವನ್ನು ರಿಬ್ಬನ್ನಿನ ಹಾಗೆ ತಿರುಚಿ 2017ರಲ್ಲಿ ಹೊಸ ಎಸ್ಕಲೇಟರಿನ ತಲೆಯ ಮೇಲೇ ತೂಗುಹಾಕಿದ. ಎಂಬತ್ತು ವರ್ಷ ಜನ ತುಳಿದದ್ದನ್ನು ಈಗ ತಲೆಯೆತ್ತಿ ನೋಡುತ್ತಾರೆ.

ಮೆಟ್ಟಿಲಿನ ಮಾತು ಬಂತಲ್ಲ, ನನ್ನ ಮಂಡಿಯ ಪರವಾಗಿ ಎರಡು ಮಾತು. ನಿನ್ನ ಎರಡನೇ ಹಾಳೆಯಲ್ಲಿ ಹಳೇ ಮೆಟ್ಟಿಲಿನ ಅಂದ ಕೆಡಬಾರದು ಅಂತ ಲಿಫ್ಟನ್ನು ಹಿಂದುಗಡೆ ಮೂಲೆಗೆ ತಳ್ಳಿದ್ದೀಯ. ಸ್ಕೇಲ್ ಹಿಡಿದು ಅಳೆದೆ. ಗೇಟಿನಿಂದ ಲಿಫ್ಟಿಗೆ ಎಂಬತ್ತು ಮೀಟರ್. ಮೆಟ್ಟಿಲು ಹತ್ತಲಾರದವಳು ಎಂಬತ್ತು ಮೀಟರ್ ಸುತ್ತಿ ಬರಬೇಕೇನೋ? ಲಿಫ್ಟನ್ನು ಮುಂದೆ ತಾ. ಗಾಜು, ಉಕ್ಕು ಯಾವುದರಲ್ಲಾದರೂ ಕಟ್ಟು, ಇವತ್ತಿನದು ಅಂತ ನೋಡಿದ ಕೂಡಲೇ ಗೊತ್ತಾಗಲಿ. ಅದಕ್ಕೂ ಕಮಾನು, ಹೂಬಳ್ಳಿ ಬಿಡಿಸಲು ಹೋಗಬೇಡ. 1964ರಲ್ಲಿ ವೆನಿಸ್‌ನಲ್ಲಿ ಪರಂಪರೆಯ ಕಟ್ಟಡಗಳಿಗೆ ಅಂತ ಒಂದು ಸನ್ನದು ಬರೆದರು, ಕಾಲೇಜಿನಲ್ಲಿ ಓದಿರುತ್ತೀಯ. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹಳೆಯದರಿಂದ ಬೇರೆ ಅಂತ ತಿಳಿಯಬೇಕು ಅನ್ನುತ್ತೆ ಅದು. ರೇಷ್ಮೆ ಸೀರೆಗೆ ರಫೂ ಮಾಡುವವರು ಗೊತ್ತಲ್ಲ, ದೂರದಿಂದ ಹರಿದದ್ದೇ ಕಾಣೋದಿಲ್ಲ, ಮಡಿಲಲ್ಲಿಟ್ಟುಕೊಂಡು ನೋಡಿದರೆ ಎಳೆ ಬೇರೆ ಅಂತ ಗೊತ್ತಾಗುತ್ತೆ. ಟೈಲ್ಸ್‌ಗೆ ಆ ಲೆಕ್ಕ. ಲಿಫ್ಟಿಗೆ ಮಾತ್ರ ರಫೂ ಬೇಡ, ಢಾಳಾದ ತೇಪೆಯೇ ಇರಲಿ.

ಟೈಲ್ಸ್ ವಿಷಯಕ್ಕೆ ಇನ್ನೊಂದು ಕಥೆ. ಲೆಸ್ಲಿ ಗ್ರೀನ್ ಅಂತ ಒಬ್ಬ ಹುಡುಗ, ಹುಡುಗನೇ ಅನ್ನಬೇಕು, 33ಕ್ಕೇ ತೀರಿಕೊಂಡ. 1906-07ರ ಹೊತ್ತಿಗೆ ಲಂಡನ್ನಿನಲ್ಲಿ ಸಾಲು ಸಾಲು ನಿಲ್ದಾಣಗಳಿಗೆ ನಕ್ಷೆ ಮಾಡಿಕೊಟ್ಟ. ಹೊರಗೆ ಎಲ್ಲಕ್ಕೂ ಎತ್ತಿನ ರಕ್ತದ ಬಣ್ಣದ ಟೈಲ್ಸ್. ಒಳಗೆ ಪ್ಲಾಟ್‌ಫಾರಂನಲ್ಲಿ ಮಾತ್ರ ಒಂದೊಂದು ನಿಲ್ದಾಣಕ್ಕೆ ಒಂದೊಂದು ಬಣ್ಣದ ವಿನ್ಯಾಸ. ಕಿಟಕಿಯಿಂದ ಬೋರ್ಡು ಕಾಣದಿದ್ದರೂ ಗೋಡೆಯ ಬಣ್ಣ ನೋಡಿ ತನ್ನ ನಿಲ್ದಾಣ ಬಂತು ಅಂತ ಜನ ಇಳಿಯಬಹುದಿತ್ತು. ಗೋಡೆಯೇ ಬೋರ್ಡಿನ ಕೆಲಸ ಮಾಡುತ್ತಿತ್ತು. ನಿನ್ನ ನಿಲ್ದಾಣದ ಟೈಲ್ಸ್ ಗೋಡೆಯ ಹಳದಿ ಪಟ್ಟಿ ಯಾಕೆ ಹಳದಿ ಅಂತ ಯಾರನ್ನಾದರೂ ಕೇಳಿದೆಯಾ? ಮುಂದಿನ ನಿಲ್ದಾಣದ್ದು ಯಾವ ಬಣ್ಣ? ಕೇಳದೆ ಮುಚ್ಚಿದರೆ, ಬರೆದದ್ದನ್ನು ಓದದೆ ಅಳಿಸಿದ ಹಾಗೆ. ನಮ್ಮ ಕಾಲದಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಇಂಕು ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕಿತ್ತು, ಒಂದು ಗೆರೆಗೆ ಕಾಲು ಗಂಟೆ. ಅಳಿಸೋದು ಕಷ್ಟ ಅಂತಲೇ ಎಳೆಯುವ ಮುಂಚೆ ಯೋಚನೆ ಮಾಡುತ್ತಿದ್ದೆವು. ನಿನಗೆ ಒಂದು ಗುಂಡಿ ಒತ್ತಿದರೆ ಗೋಡೆಯೇ ಮಾಯ.

ಬೋರ್ಡಿನ ಮಾತೂ ಹೇಳಿಬಿಡುತ್ತೇನೆ. 2017ರಲ್ಲಿ ನಮ್ಮ ಮೆಟ್ರೊದ ಹಿಂದಿ ಫಲಕಗಳ ಬಗ್ಗೆ ಎಷ್ಟು ಗಲಾಟೆ ಆಯಿತು, ಕೊನೆಗೆ ಅವನ್ನು ತೆಗೆದರು, ನಿನಗೆ ನೆನಪಿರಬೇಕು. ಫಲಕ ಅಲಂಕಾರವಲ್ಲ, ಊರಿನ ದನಿ. ಹೆಸರುಗಳಂತೂ ಕಲ್ಲಿಗಿಂತ ಗಟ್ಟಿ. 1948ರಲ್ಲಿ ರಾಜಾಜಿ ಬಂದು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಸೌತ್ ಎಂಡ್ ನಿಜಕ್ಕೂ ಊರಿನ ದಕ್ಷಿಣದ ತುದಿ. ಈಗ ಹಸಿರು ಮಾರ್ಗ ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ ದಾಟಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹೋಗಿದೆ. ಆದರೂ ದಿನಾ ಸಾವಿರಾರು ಜನ 'ಸೌತ್ ಎಂಡ್' ಅನ್ನುತ್ತಲೇ ಇಳಿಯುತ್ತಾರೆ. ನಂದಾ ಟಾಕೀಸ್ ಇಲ್ಲ, ನಂದಾ ರಸ್ತೆ ಇದೆ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಪುಟ್ಟಣ್ಣ ಚಿತ್ರಮಂದಿರವೂ ಇಲ್ಲ, ಅದರ ಹೆಸರು ಹೇಳಿ ದಾರಿ ತೋರಿಸುವವರು ನನ್ನ ವಯಸ್ಸಿನವರು ಇನ್ನೂ ಇದ್ದಾರೆ. ನಿನ್ನ ನಿಲ್ದಾಣದ ಹಳೇ ಹೆಸರಿನ ಅಕ್ಷರಗಳು ಎನಾಮಲ್ ತಗಡಿನ ಮೇಲಿವೆ ಅಂದೆಯಲ್ಲ, ಒಂದನ್ನಾದರೂ ಅದೇ ಜಾಗದಲ್ಲಿ ಉಳಿಸು.

ಕಳೆದುಕೊಂಡದ್ದರ ಲೆಕ್ಕವೂ ನಿನಗೆ ಗೊತ್ತಿರಲಿ. ಎಂ.ಜಿ. ರಸ್ತೆಯ ಬುಲೆವಾರ್ಡ್ ಮೆಟ್ರೊಗೆ ಹೋಯಿತು. ಅದರ ಜಾಗದಲ್ಲಿ 2013ರಲ್ಲಿ ರಂಗೋಲಿ ಕಲಾಕೇಂದ್ರ ಮಾಡಿದರು. ಮಕ್ಕಳು ಬಂದು ಕೂರುತ್ತಾರೆ, ಚಿತ್ರಪ್ರದರ್ಶನ ನಡೆಯುತ್ತೆ, ಒಳ್ಳೆಯದೇ. ಆ ನೆರಳಿನ ನಡಿಗೆ ಮಾತ್ರ ಸಿಗೋದಿಲ್ಲ. ಲಕ್ಷ್ಮಣರಾವ್ ಪಾರ್ಕಿನ ಮರಗಳಿಗಾಗಿ ಜಯನಗರದವರು ಮಾನವ ಸರಪಳಿ ಕಟ್ಟಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಇನ್ನು ಜಯದೇವ ಫ್ಲೈಓವರ್, ಕಟ್ಟಿ ಎರಡು ದಶಕವೂ ಆಗಿರಲಿಲ್ಲ, 2020ರಲ್ಲಿ ಮೆಟ್ರೊಗಾಗಿ ಒಡೆದರು. ಅದನ್ನು ಪರಂಪರೆ ಅನ್ನೋದಿಲ್ಲ ನಾನು. ಆದರೂ ಅಷ್ಟು ಸಿಮೆಂಟು, ಕಬ್ಬಿಣ! ಇವತ್ತು ಕಟ್ಟುವವನು ನಾಳೆಯವನಿಗೆ ಜಾಗ ಬಿಡದಿದ್ದರೆ ಹೀಗೇ.

ಒಡೆಯದೆ ಉಳಿಸಿದ್ದೂ ಇದೆ, ಅದೂ ರೈಲ್ವೆಯವರೇ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಶಸ್ತ್ರಾಗಾರ ಅಡ್ಡ ಬಂತು. ವರ್ಷಗಟ್ಟಲೆ ಎಳೆದಾಡಿದರು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬಿಚ್ಚದೆ, ಅಡಿಗೆ ಉಕ್ಕಿನ ತೊಲೆ ತೂರಿಸಿ, ಜ್ಯಾಕಿನಲ್ಲಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಇನ್ನೊಂದು ಸಣ್ಣ ಉದಾಹರಣೆ ನನಗೆ ಅದಕ್ಕಿಂತ ಇಷ್ಟ. ಯಲಹಂಕದಿಂದ ಚಿಕ್ಕಬಳ್ಳಾಪುರದ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಅಂತ ನೂರು ವರ್ಷ ದಾಟಿದ ನಾಲ್ಕು ಪುಟ್ಟ ನಿಲ್ದಾಣಗಳಿವೆ, ಕಲ್ಲಿನ ಗೋಡೆ, ಮಂಗಳೂರು ಹೆಂಚು. ಇಂಟ್ಯಾಕ್ ಎಂಬ ಪರಂಪರೆ ಸಂಸ್ಥೆಯ ಬೆಂಗಳೂರು ಶಾಖೆಯವರು ರೈಲ್ವೆಯ ಜೊತೆ ಸೇರಿ ಅವನ್ನು ಉಳಿಸುವ ಕೆಲಸಕ್ಕೆ ಕೈಹಾಕಿದರು. ಒಂದು ದಿನ ರಜೆ ಹಾಕಿ ನಂದಿ ಹಾಲ್ಟಿಗೆ ಹೋಗಿ ಬಾ. ಗೋಡೆಯ ಫೋಟೊ ತೆಗೆಯೋದಲ್ಲ, ಗೋಡೆ ನೆಲಕ್ಕೆ ಸೇರುವ ಜಾಗ, ಮಾಡು ಗೋಡೆಗೆ ಕೂರುವ ಜಾಗ, ನೀರು ಎಲ್ಲಿ ಇಳಿಯುತ್ತೆ, ಅಷ್ಟೇ ನೋಡಿಕೊಂಡು ಬಾ.

ಇನ್ನು ನಿಮ್ಮ ಆಫೀಸಿನಲ್ಲಿ ಯಾರೂ ಹೇಳಿರಲಾರದ ಒಂದು ವಿಷಯ. ಓಡುತ್ತಿರುವ ಮೆಟ್ರೊದಲ್ಲಿ ಪ್ಲಾಟ್‌ಫಾರಂನ ಕೆಲಸಕ್ಕೆ ಸಿಗೋದು ರಾತ್ರಿ ಕೊನೆಯ ರೈಲು ಹೋಗಿ ಬೆಳಗಿನ ಮೊದಲ ರೈಲು ಬರುವವರೆಗಿನ ಹೊತ್ತು ಮಾತ್ರ. ವಿದ್ಯುತ್ ತೆಗೆಯೋದು, ಸಾಮಾನು ಇಳಿಸೋದು, ಮತ್ತೆ ಗುಡಿಸಿ ಒಪ್ಪಿಸೋದು ಇವನ್ನು ಕಳೆದರೆ ಕೈಗೆ ಉಳಿಯೋದು ಬಹಳವೆಂದರೆ ಮೂರು ಗಂಟೆ. ನೀನು ಬರೆದಿರುವ ಆರು ಮೀಟರಿನ ಗ್ರಾನೈಟ್ ಹಲಗೆಯನ್ನು ಆ ಮೆಟ್ಟಿಲಲ್ಲಿ ಇಳಿಸುವವರು ಯಾರು? ಇಬ್ಬರು ಹೊತ್ತು, ಒಂದು ರಾತ್ರಿಯಲ್ಲಿ ಕೂರಿಸಿ, ಬೆಳಿಗ್ಗೆ ಜನ ತುಳಿಯುವ ಹಾಗಿನ ಅಳತೆಗೆ ಎಲ್ಲವನ್ನೂ ತುಂಡು ಮಾಡು. ಆಗ ತಾನಾಗಿಯೇ ಅರ್ಧ ಆಡಂಬರ ಬಿದ್ದುಹೋಗುತ್ತೆ, ಹಳೇ ಗೋಡೆಯೂ ಬಚಾವಾಗುತ್ತೆ.

ಮೂರನೇ ಹಾಳೆಯನ್ನು ಮತ್ತೆ ಬರೆ. ಅದಕ್ಕೆ ಮುಂಚೆ ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಾ. ಜಯನಗರದಲ್ಲಿ ಹತ್ತಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿಯೋಣ. ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ತಾ. ಒಂದು ಗಂಟೆ ಸುಮ್ಮನೆ ನಿಂತು ಜನ ಎಲ್ಲಿ ತಡವರಿಸುತ್ತಾರೆ, ಎಲ್ಲಿ ಕೈ ಊರುತ್ತಾರೆ, ಚೀಲ ಎಲ್ಲಿ ಇಳಿಸುತ್ತಾರೆ, ಯಾವ ಕಂಬಕ್ಕೆ ಒರಗಿ ಕಾಯುತ್ತಾರೆ ಅಂತ ಗುರುತು ಹಾಕು. ಐವತ್ತು ವರ್ಷ ಬಿಟ್ಟು ಆ ನಿಲ್ದಾಣವನ್ನೂ ಯಾರೋ ಹೊಸದು ಮಾಡಲು ಬರುತ್ತಾರೆ, ಆಗ ಉಳಿಸಬೇಕಾದದ್ದು ಆ ಕಂಬವೇ ಇರಬಹುದು. ಒಳಗೆ ಟೇಪು ತೆಗೆದರೆ ಸೆಕ್ಯುರಿಟಿಯವರು ಕೇಳುತ್ತಾರೆ, ಹೆಜ್ಜೆಯಲ್ಲೇ ಅಳೆಯೋಣ. ಹೊರಗೆ ಬಂದು ಕೋಟೆ ಬಾಗಿಲ ಹತ್ತಿರ ಟೇಪು ಬಿಚ್ಚೋಣ. ಮೂವತ್ತು ಮೀಟರಿನದು ನನ್ನ ಹತ್ತಿರವೇ ಇದೆ. ತುದಿ ಹರಿದು ಮೊದಲ ಕೆ‌ಲವು ಸೆಂಟಿಮೀಟರ್ ಹೋಗಿದೆ, ಹತ್ತರಿಂದ ಹಿಡಿದು ಅಳೆದು, ಬರೆದುಕೊಳ್ಳುವಾಗ ಹತ್ತು ಕಳೆಯಬೇಕು. ಒಂದು ಸಲ ನಾನು ಕಳೆಯೋದು ಮರೆತು, ಬಾಗಿಲು ಬಂದಾಗ ಚೌಕಟ್ಟಿಗಿಂತ ಹತ್ತು ಸೆಂಟಿಮೀಟರ್ ಅಗಲವಾಗಿತ್ತು.